ಅಪ್‌ಡೇಟ್: ಹೊಸ ಪ್ರಿನ್ಸಿಪಾಲರ ಮುಂದೆ ಬಾಯಿಬಿಟ್ಟೆ

ಹೊಸ ಪ್ರಿನ್ಸಿಪಾಲ್ ಎಲ್ಲರ ಕಷ್ಟ ಕೇಳುತ್ತಾರಂತೆ, ನನ್ನಂಥ ಸಿಎಚ್‌ಬಿ (ಕ್ಲಾಕ್ ಅವರ್ ಬೇಸಿಸ್, ಅಂದರೆ ತಾಸಿನ ಲೆಕ್ಕದ) ಮೇಷ್ಟ್ರು ಬಾಯಿಬಿಡಬಹುದಾ ಅಂತ ಕೇಳಿದ್ದೆನಲ್ಲ, ಹೋಗಿ ಮಾತಾಡಿ ಬಂದೆ. ಡೊಂಬಿವಲಿಯಿಂದ ಮುಂಬೈ ಲೋಕಲ್ ಟ್ರೈನಿನಲ್ಲಿ ನೇತಾಡಿಕೊಂಡು ಬರುವಾಗ ಮರಾಠಿಯಲ್ಲೇ ಎಲ್ಲ ರಿಹರ್ಸಲ್ ಮಾಡಿಕೊಂಡಿದ್ದೆ, ನೋಡಿದರೆ ಅವರು ಬೆಳಗಾವಿ ಕಡೆಯವರು, "ಕನ್ನಡದಾಗ ಹೇಳ್ರಿ ಸರ್" ಅಂದುಬಿಟ್ಟರು! ನಮ್ಮದು ತಾಸಿನ ಲೆಕ್ಕದ ಸಂಬಳ. ಪಾಠ ಮಾಡಿದರಷ್ಟೇ ದುಡ್ಡು, ದೀಪಾವಳಿ ರಜೆಯಲ್ಲಿ ಜೇಬು ಖಾಲಿ. ಅದೂ ನಾಲ್ಕು ತಿಂಗಳಿಂದ ಬಾಕಿ ಅಂದೆ. ನನ್ನೆದುರೇ ಅಕೌಂಟ್ಸ್‌ನವರನ್ನು ಕರೆಸಿದರು. ಬಿಲ್ಲಿನ ಫೈಲು ಅವರ ಕಪಾಟಿನಲ್ಲೇ ಇತ್ತು, ಮೇಲೆ ಟಿಫಿನ್ ಡಬ್ಬಿ! ಎರಡು ತಿಂಗಳದ್ದು ನಿನ್ನೆ ಬಂತು. ಪ್ಯೂನ್ ಮಾಮಾನನ್ನೂ ಕುರ್ಚಿ ಕೊಟ್ಟು ಕೂರಿಸಿ ಕೇಳಿದರಂತೆ, ನನಗೆ ಅದೇ ಜಾಸ್ತಿ ಹಿಡಿಸಿತು. ಕಾಯಂ ಮಾಡುವುದು ನನ್ನ ಕೈಲಿಲ್ಲ ಅಂತ ನೇರವಾಗಿ ಹೇಳಿದರು, ಸುಮ್ನೆ ಆಸೆ ಹುಟ್ಟಿಸಲಿಲ್ಲ.