ಅಪ್ಪನ ಜೊತೆ ಹಾಡುವವಳು ಒಬ್ಬಳೇ ಹಾಡಲು ಹೊರಟರೆ?

ಪ್ರಶ್ನೆ: ನಾವಿರುವುದು ಶಿಕಾಗೋ ಹತ್ತಿರ. ಅಪ್ಪನ ಹಾರ್ಮೋನಿಯಂಗೆ ಅಕ್ಕ, ನಾನು ಹಾಡುತ್ತೇವೆ. ಗಣೇಶನ ಹಬ್ಬ, ರಾಜ್ಯೋತ್ಸವ ಅಂತ ಹನ್ನೆರಡು ವರ್ಷ ಆಯ್ತು. ಈಗ ಯಾರೋ ನನ್ನೊಬ್ಬಳನ್ನೇ ಕರೆದಿದ್ದಾರೆ. ಅಪ್ಪ "ಹೋಗಮ್ಮಾ" ಅಂದರು. ಆದರೆ ಅವತ್ತಿನಿಂದ ಹಾರ್ಮೋನಿಯಂ ಪೆಟ್ಟಿಗೆ ತೆರೆದಿಲ್ಲ. ಇದೇ ಶಿಕಾಗೋದ, ಸೋಲ್ ಅನ್ನೋ ಸಂಗೀತ ಶೈಲಿಯ ಗಾಯಕಿ ಮೇವಿಸ್ ಸ್ಟೇಪಲ್ಸ್ ಕೂಡ ಅಪ್ಪ, ಅಕ್ಕ, ಅಣ್ಣನ ಜೊತೆ ಹಾಡಿ ಬೆಳೆದವರಲ್ವಾ? ಅವರು ಹೇಗೆ ನಿಭಾಯಿಸಿದರು? ನಿಮ್ಮ ಅನುಭವವನ್ನೂ ಹೇಳಿ.

ಉತ್ತರ 1: ಮೇವಿಸ್ ಮನೆಯವರ ಗುಂಪು ಸ್ಟೇಪಲ್ ಸಿಂಗರ್ಸ್ ಅಂದರೆ ನನಗೆ ಹುಚ್ಚು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಅವರಪ್ಪ ರೋಬಕ್, ಎಲ್ಲರ ಬಾಯಲ್ಲಿ ಪಾಪ್ಸ್. ಮಿಸಿಸಿಪಿಯಿಂದ ಶಿಕಾಗೋಗೆ ಬಂದು ಹಗಲೆಲ್ಲ ಮೈಮುರಿಯೋ ಕೆಲಸ. ಸಂಜೆ ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿ, ಗಿಟಾರ್ ತಂತಿ ಮೀಟಿ, ಒಬ್ಬೊಬ್ಬರಿಗೂ ಅವರವರ ಸ್ವರ ಕೊಡುತ್ತಿದ್ದರಂತೆ. 1948ರಲ್ಲಿ ಚರ್ಚುಗಳಲ್ಲಿ ಹಾಡಲು ಶುರು. ಮೇವಿಸ್‌ಗೆ ಆಗ ಹತ್ತು ಕೂಡ ತುಂಬಿರಲಿಲ್ಲ. ದನಿ ಮಾತ್ರ ಎಷ್ಟು ಆಳ ಅಂದರೆ, ರೇಡಿಯೋದಲ್ಲಿ ಕೇಳಿದವರು ಯಾರೋ ದೊಡ್ಡವರು ಅಂದುಕೊಳ್ಳುತ್ತಿದ್ದರು.

ನಿಮ್ಮ ಪ್ರಶ್ನೆಗೆ ಬರ್ತೀನಿ. 1969ರಲ್ಲಿ ಅವರ ಮೊದಲ ಸೋಲೋ ಆಲ್ಬಂ ಬಂತು. ಆದರೂ ಮನೆಯವರ ಗುಂಪು ಬಿಡಲಿಲ್ಲ. 1972ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆದ 'ಐಲ್ ಟೇಕ್ ಯೂ ದೇರ್' ಗುಂಪಿನದ್ದೇ. ಆ ಹಾಡಿನ ನಡುವೆ ಮೇವಿಸ್ ಅಪ್ಪನನ್ನು ಕೂಗಿ ನುಡಿಸು ಅನ್ನುತ್ತಾರೆ. ತಮಾಷೆ ಅಂದರೆ, ಅಲ್ಲಿ ಕೇಳುವ ಗಿಟಾರ್ ಅಪ್ಪನದಲ್ಲ, ಎಡ್ಡಿ ಹಿಂಟನ್ ಅನ್ನುವವರದು! ಅಪ್ಪ ನುಡಿಸದಿದ್ದರೂ ಕೂಗಿದ್ದು ಅಪ್ಪನನ್ನೇ. ನಾನಂತೂ ಪ್ರತಿ ಸಲ ಅಲ್ಲಿಗೆ ಬಂದಾಗ ವಾಲ್ಯೂಮ್ ಜಾಸ್ತಿ ಮಾಡ್ತೀನಿ.

ಉತ್ತರ 2: ಅವರ ಕಥೆ ಚಂದ, ನಮ್ಮನೇದು ಹಾಗಾಗಲಿಲ್ಲ. ನಾನು, ಅಣ್ಣ ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆವು. ನಾನು ಹೇಳದೆ ಹೊರಗಿನ ಪ್ರೋಗ್ರಾಂ ಒಪ್ಪಿಕೊಂಡೆ. ಅದೇ ದಿನ ಅಣ್ಣನೂ ಮುಂಗಡ ತಗೊಂಡಿದ್ದ. ಆರು ತಿಂಗಳು ಮಾತಿಲ್ಲ. ತಂಗೀ, ಮೊದಲು ತಾರೀಕು, ದುಡ್ಡು ಎರಡನ್ನೂ ಬಾಯಿಬಿಟ್ಟು ಮಾತಾಡಿ. ನಿಮ್ಮ ಭಾಗ ಯಾರು ಹಾಡ್ತಾರೆ ಅನ್ನೋದನ್ನೂ ಯೋಚಿಸಿ. ಮೇವಿಸ್ ಅಣ್ಣ ಪರ್ವಿಸ್ ಸೈನ್ಯಕ್ಕೆ ಹೋದಾಗ ಅಕ್ಕ ಇವೋನ್ ಆ ಜಾಗ ತುಂಬಿದರು.

ಉತ್ತರ 3: ಇವೋನ್ ಬಗ್ಗೆ ಇನ್ನೊಂದು ಮಾತು. 2000ದಲ್ಲಿ ಪಾಪ್ಸ್ ತೀರಿಕೊಂಡ ಮೇಲೆ ಮೇವಿಸ್‌ಗೆ ಹಾಡೋಕೇ ಮನಸ್ಸು ಬರಲಿಲ್ಲ. ಹಿಡಿದು ಎಬ್ಬಿಸಿದ್ದು ಈ ಅಕ್ಕ. ಆಮೇಲೆ ವರ್ಷಗಟ್ಟಲೆ ಮೇವಿಸ್ ಹಿಂದೆ ನಿಂತು ಕೋರಸ್ ಹಾಡಿದರು. ನೀವು ಅಪ್ಪನ ಬಗ್ಗೆ ಅಷ್ಟು ಬರೆದಿರಿ. ಅಕ್ಕ ಏನಂದರು?

ಕೇಳಿದವರು: ಅಕ್ಕನನ್ನು ನಾನು ಕೇಳಿಯೇ ಇರಲಿಲ್ಲ, ನಾಚಿಕೆ ಆಯ್ತು. ನಿನ್ನೆ ಫೋನ್ ಮಾಡಿದೆ. "ಹೋಗೇ, ನಂಗೂ ಒಂದು ಭಾನುವಾರ ರಜಾ ಸಿಗುತ್ತೆ" ಅಂದಳು. ಅಪ್ಪ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಹಾರ್ಮೋನಿಯಂನ ಐದನೇ ಮನೆ ಶ್ರುತಿ ಬೇಡ, ಅರ್ಧ ಮನೆ ಇಳಿಸು, ಮೇಲೆ ಹೋದಾಗ ನಿನಗೆ ದನಿ ಕಿರುಚುತ್ತೆ" ಅಂದರು.