ಬಾಣಂತನಕ್ಕೆ ಅಮ್ಮ ಮಂಗಳೂರಿನಿಂದ ದುಬೈಗೆ: 30 ಕೆಜಿಯಲ್ಲಿ ಏನು ಹಾಕುವುದು, ಏನು ಬಿಡುವುದು?

ಪುತ್ತೂರಿನ_ಮಗಳು:

ಎಲ್ಲರಿಗೂ ನಮಸ್ಕಾರ. ನನಗೆ ಈಗ ಏಳು ತಿಂಗಳು. ಬಾಣಂತನಕ್ಕೆ ಅಂತ ಅಮ್ಮ ಮುಂದಿನ ತಿಂಗಳು ಮಂಗಳೂರಿನಿಂದ ದುಬೈಗೆ ಬರುತ್ತಿದ್ದಾರೆ. ಅಮ್ಮನಿಗೆ 64 ವರ್ಷ. ವಿಮಾನ ಹತ್ತುವುದು ಇದೇ ಮೊದಲು, ಅದೂ ಒಬ್ಬರೇ. ಅಗ್ಗದ ವಿಮಾನದಲ್ಲೇ ಟಿಕೆಟ್ ಮಾಡಿದ್ದೇವೆ. ಟಿಕೆಟ್‌ನಲ್ಲಿ ಚೆಕ್-ಇನ್ 30 ಕೆಜಿ, ಕೈಚೀಲ 7 ಕೆಜಿ ಅಂತ ಇದೆ.

ನಿನ್ನೆ ರಾತ್ರಿ ಅಮ್ಮ ಫೋನಿನಲ್ಲಿ ಪಟ್ಟಿ ಓದಿದರು. ಅಂಟಿನುಂಡೆಗೆ ಒಣಕೊಬ್ಬರಿ ಎರಡು ಕೆಜಿ, ಗಸಗಸೆ ಅರ್ಧ ಕೆಜಿ, ಅಂಟು, ಉತ್ತುತ್ತೆ. ಮನೆ ತುಪ್ಪ ಎರಡು ಕೆಜಿ. ಬಾಣಂತಿ ಲೇಹ್ಯ. ತೆಂಗಿನೆಣ್ಣೆ. ಕುಚ್ಚಲಕ್ಕಿ ಐದು ಕೆಜಿ. ಮಿಡಿ ಉಪ್ಪಿನಕಾಯಿ. ಊಟ ಆದ ಮೇಲೆ ನಾನು ತಿನ್ನಲಿ ಅಂತ ವೀಳ್ಯದೆಲೆ. ಮಗುವಿಗೆ ಹಳೇ ಕಾಟನ್ ಸೀರೆಗಳು. ಎಲ್ಲವನ್ನೂ ಅಪ್ಪನ ಹಳೇ ಸೂಟ್‌ಕೇಸಿಗೆ ತುಂಬುವುದಂತೆ. ಅದು ಖಾಲಿ ಇದ್ದಾಗಲೇ ಎತ್ತಲಿಕ್ಕೆ ಆಗುವುದಿಲ್ಲ.

ಬೇಡ ಅಂದರೆ ಅಮ್ಮನಿಗೆ ಬೇಜಾರು. ಹೂಂ ಅಂದರೆ ಏರ್‌ಪೋರ್ಟ್‌ನಲ್ಲಿ ಏನಾಗುತ್ತದೋ ಅಂತ ಹೆದರಿಕೆ. ಒಂದೆರಡು ಕೆಜಿ ಜಾಸ್ತಿ ಆದರೆ ಬಿಡುತ್ತಾರಾ? ಈ ದಾರಿಯಲ್ಲಿ ಓಡಾಡಿದವರು ಹೇಳಿ.

ಹುಬ್ಬಳ್ಳಿ_ಟು_ಮಸ್ಕತ್:

ಟಿಕೆಟ್‌ನ ಪಿಡಿಎಫ್ ತೆಗೆದು ಲಗೇಜ್ ಸಾಲು ಇನ್ನೊಮ್ಮೆ ನೋಡಿ. ಪಕ್ಕದ ಮನೆಯವರ ಟಿಕೆಟ್‌ನಲ್ಲಿ 30 ಇತ್ತು, ನಮ್ಮದರಲ್ಲೂ ಇರುತ್ತದೆ ಅಂತ ನಂಬಬೇಡಿ. ತೀರಾ ಅಗ್ಗದ ಕೆಲವು ಟಿಕೆಟ್‌ಗಳಲ್ಲಿ ಚೆಕ್-ಇನ್ ಲಗೇಜೇ ಇರುವುದಿಲ್ಲ, ಬರೀ ಕೈಚೀಲ. ಲೆಕ್ಕ ಮಧ್ಯೆ ಬದಲಾಗುವುದೂ ಉಂಟು. 2024ರ ಆಗಸ್ಟ್‌ನಲ್ಲಿ ಒಂದು ಸಂಸ್ಥೆ ಯುಎಇಯಿಂದ ಭಾರತಕ್ಕೆ 30 ಇದ್ದದ್ದನ್ನು 20ಕ್ಕೆ ಇಳಿಸಿತ್ತು. ಅಮ್ಮನ ವಾಪಸ್ ಟಿಕೆಟ್‌ನಲ್ಲಿ ಎಷ್ಟಿದೆ ಅಂತಲೂ ಈಗಲೇ ನೋಡಿಡಿ.

ನಾನು ಏಟು ತಿಂದದ್ದು ಬೇರೆ ಕಡೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಮಸ್ಕತ್‌ಗೆ ಬೇರೆ ಟಿಕೆಟ್ ಮಾಡಿದ್ದೆ. ದೇಶದೊಳಗಿನ ವಿಮಾನಕ್ಕೆ 15 ಕೆಜಿ ಮಾತ್ರ. ನನ್ನ ಬ್ಯಾಗು 28 ಇತ್ತು. 13 ಕೆಜಿಗೆ ದುಡ್ಡು ಕಟ್ಟಿದೆ. ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇದ್ದಿದ್ದರೆ ಈ ಸಮಸ್ಯೆ ಬರುತ್ತಿರಲಿಲ್ಲ. ನಿಮ್ಮ ಅಮ್ಮ ಮಂಗಳೂರಿನಿಂದ ನೇರ ಬರುವುದರಿಂದ ಆ ಚಿಂತೆ ಇಲ್ಲ.

ಸುರತ್ಕಲ್_ಅಕ್ಕ:

ತೂಕದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈಗಲೇ ಅಮ್ಮನಿಗೆ ಫೋನ್ ಮಾಡಿ ಗಸಗಸೆಯನ್ನು ಪಟ್ಟಿಯಿಂದ ತೆಗೆಸಿ. ಅರ್ಧ ಕೆಜಿ ಅಲ್ಲ, ಒಂದು ಚಮಚವೂ ಬೇಡ. ನಮಗೆ ಅದು ಪಾಯಸದ ಸಾಮಾನು. ಯುಎಇಯಲ್ಲಿ ಅದು ಅಫೀಮು ಗಿಡದ ಬೀಜ, ನಿಷೇಧಿತ ವಸ್ತು. ದಂಡ ಕಟ್ಟಿ ಮುಗಿಯುವ ವಿಷಯ ಅಲ್ಲ, ಜೈಲಿಗೆ ಹೋದವರಿದ್ದಾರೆ. ಗಸಗಸೆ ಹಾಕಿಟ್ಟಿದ್ದ ಡಬ್ಬದಲ್ಲಿ ಬೇರೆ ಏನನ್ನೂ ತುಂಬಿ ತರಬೇಡಿ ಅಂತ ಹೇಳಿ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಗೆ ಗಸಗಸೆ ಹುರಿದು ಹಾಕಿದ್ದಾರಾ ಅಂತ ಕೇಳಿ. ಮಾಡಿದ ಉಂಡೆಯಲ್ಲೂ ಬೇಡ. ವೀಳ್ಯದೆಲೆಯೂ ಇಲ್ಲಿಗೆ ತರುವ ಹಾಗಿಲ್ಲ.

ಇನ್ನು ಒಣಕೊಬ್ಬರಿ. ಇದನ್ನು ತಡೆಯುವುದು ದುಬೈಯವರಲ್ಲ, ನಮ್ಮ ಕಡೆಯವರೇ. 2022ರ ಮಾರ್ಚ್‌ನಲ್ಲಿ ಅದನ್ನು ಚೆಕ್-ಇನ್ ಲಗೇಜ್‌ನ ನಿಷೇಧದ ಪಟ್ಟಿಗೂ ಸೇರಿಸಿದರು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅನ್ನುವುದು ಕಾರಣ. ಸ್ಕ್ಯಾನಿಂಗ್‌ನಲ್ಲಿ ಕಂಡರೆ ಅಮ್ಮನನ್ನು ಕರೆದು ಬ್ಯಾಗ್ ಬಿಚ್ಚಿಸುತ್ತಾರೆ. ಕೊಬ್ಬರಿ, ಅಂಟು, ಉತ್ತುತ್ತೆ ಎಲ್ಲವೂ ದುಬೈಯ ಕರಾಮದ ಅಂಗಡಿಗಳಲ್ಲಿ ಸಿಗುತ್ತವೆ. ಅಮ್ಮ ನಿಮ್ಮ ಅಡುಗೆಮನೆಯಲ್ಲೇ ಉಂಡೆ ಕಟ್ಟಲಿ. ಕುಚ್ಚಲಕ್ಕಿ, ತೆಂಗಿನೆಣ್ಣೆಯೂ ಇಲ್ಲೇ ಸಿಗುತ್ತದೆ. ಅಲ್ಲಿಗೆ ಎಂಟು ಹತ್ತು ಕೆಜಿ ಇಳಿಯಿತು ಅಲ್ವಾ?

ಒಂದೆರಡು ಕೆಜಿ ಬಿಡುತ್ತಾರಾ ಅಂತ ಕೇಳಿದ್ದೀರಿ. ಒಮ್ಮೊಮ್ಮೆ ಬಿಡುತ್ತಾರೆ. ಆದರೆ ಅದನ್ನು ನಂಬಿಕೊಂಡು ಅಮ್ಮನನ್ನು ಕಳಿಸಬೇಡಿ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

2019ರಲ್ಲಿ ನನ್ನ ಮಗ ಹುಟ್ಟಿದಾಗ ಅಮ್ಮ ಬಂದದ್ದು. ಆಗ ನಾವು ಶಾರ್ಜಾದಲ್ಲಿದ್ದೆವು. ಅಣ್ಣ ಅಡಿಕೆ ತೂಗುವ ಹಳೇ ತಕ್ಕಡಿಯಲ್ಲಿ ತೂಗಿ ಸರಿಯಾಗಿ 30 ಇದೆ ಅಂದಿದ್ದ. ಬಜ್ಪೆ ಏರ್‌ಪೋರ್ಟ್‌ನ ಕೌಂಟರ್‌ನಲ್ಲಿ ಇಟ್ಟರೆ 33.4. ದುಡ್ಡು ಕಟ್ಟಿ, ಇಲ್ಲಾಂದ್ರೆ ತೆಗೆಯಿರಿ ಅಂದರಂತೆ. ಅಮ್ಮನ ಪರ್ಸಿನಲ್ಲಿ ಇದ್ದದ್ದು 1,500 ರೂಪಾಯಿ. ಕಾರ್ಡ್ ಇಲ್ಲ. ಅಣ್ಣ ಹೊರಗಿನಿಂದಲೇ ಬೀಳ್ಕೊಟ್ಟು ಸುರತ್ಕಲ್ ಕಡೆಗೆ ಹೊರಟಾಗಿತ್ತು. ಅಮ್ಮ ಸಾಲಿನಿಂದ ಹೊರಗೆ ಬಂದು ನೆಲದ ಮೇಲೆ ಕೂತರು. ಪೆಟ್ಟಿಗೆಗೆ ಅಣ್ಣ ಕಟ್ಟಿದ್ದ ನೈಲಾನ್ ಹಗ್ಗದ ಗಂಟು ಕೈಗೆ ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದರಂತೆ. ಮೇಲೆ ಇದ್ದದ್ದೆಲ್ಲ ಸೀರೆ, ಮಗುವಿನ ಬಟ್ಟೆ. ಭಾರದ್ದೆಲ್ಲ ಅಡಿಯಲ್ಲಿ. ಅಷ್ಟು ಜನರ ಎದುರು ಒಂದೊಂದೇ ಎತ್ತಿ ಹೊರಗಿಟ್ಟರು. ಕೊನೆಗೆ ಕೈಗೆ ಬಂದದ್ದು ಮಿಡಿ ಉಪ್ಪಿನಕಾಯಿಯ ಭರಣಿ. ನನಗೆ ಅಂತಲೇ ಹಾಕಿದ್ದು. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಹಳೇ ಪೇಪರು. ಅದನ್ನು ಗೋಡೆ ಪಕ್ಕ ಇಟ್ಟು ಬಂದರು.

ದುಬೈ ಏರ್‌ಪೋರ್ಟ್‌ನಿಂದ ಹೊರಗೆ ಬಂದವರು ಮೊದಲು ಹೇಳಿದ್ದು, "ಉಪ್ಪಿನಕಾಯಿ ತರಲಿಕ್ಕೆ ಆಗಲಿಲ್ಲ ಮಗಾ" ಅಂತ. ನನ್ನ ಕೈಯಲ್ಲಿದ್ದ ಮೊಮ್ಮಗನನ್ನು ನೋಡಿದ್ದು ಆಮೇಲೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ತೂಕ ಜಾಸ್ತಿ ಆದರೆ ಯಾವುದನ್ನು ಬಿಡುವುದು ಅಂತ ಮನೆಯಲ್ಲೇ ತೀರ್ಮಾನ ಮಾಡಿ. ಆ ಸಾಮಾನನ್ನು ಬೇರೆ ಒಂದು ಚೀಲಕ್ಕೆ ಹಾಕಿ ಪೆಟ್ಟಿಗೆಯ ಎಲ್ಲಕ್ಕಿಂತ ಮೇಲೆ ಇಡಿ. ಒಂದೂವರೆ ಎರಡು ಕೆಜಿ ಸಾಕು. ಹಪ್ಪಳ, ಬೆಲ್ಲ, ಪುನರ್ಪುಳಿ ಸಿಪ್ಪೆ, ಹೋದರೂ ಮನಸ್ಸಿಗೆ ನೋವಾಗದ್ದು. ಅಮ್ಮನ ಎದುರೇ ಹಾಕಿ, "ಬೇಕಾದರೆ ಇದನ್ನು ಹಾಗೇ ಎತ್ತಿ ಕೊಡಿ" ಅಂತ ತೋರಿಸಿ. ಬಿಡಲಿಕ್ಕೆ ಬಂದವರು ಬೋರ್ಡಿಂಗ್ ಪಾಸ್ ಕೈಗೆ ಬಂತು ಅಂತ ಅಮ್ಮ ಫೋನ್ ಮಾಡುವವರೆಗೆ ಹೊರಗೇ ನಿಲ್ಲಲಿ. ಆಮೇಲೆ ನಮ್ಮ ಅಮ್ಮ ಮೂರು ಸಲ ಬಂದರು. ಮೂರು ಸಲವೂ ಹೀಗೇ ಮಾಡಿದೆವು.

ಅಪ್ಪನ ಸೂಟ್‌ಕೇಸ್ ಮನೆಯಲ್ಲೇ ಇರಲಿ. ಗಟ್ಟಿ ಸೂಟ್‌ಕೇಸ್ ಅಂದರೆ ನಾಲ್ಕೈದು ಕೆಜಿ ಅದರದ್ದೇ ಆಯಿತು. ಗಲ್ಫ್‌ನವರು ರಟ್ಟಿನ ಪೆಟ್ಟಿಗೆ ಹಿಡಿದು ಓಡಾಡುವುದು ಸುಮ್ನೆ ಅಲ್ಲ, ಅದು ಒಂದು ಕೆಜಿಯ ಆಸುಪಾಸು ಅಷ್ಟೇ. ಒಳ್ಳೆ ಗಟ್ಟಿ ಪೆಟ್ಟಿಗೆ ತೆಗೆದುಕೊಂಡು ಅಗಲದ ಟೇಪ್ ಹಾಕಿ. ಗೋಣಿಯಂಥ ಉರುಟು ಮೂಟೆ ಮಾಡಬೇಡಿ. ಒಂದು ಬದಿಯಾದರೂ ಚಪ್ಪಟೆ ಇಲ್ಲದ ಬ್ಯಾಗನ್ನು ದುಬೈ ಏರ್‌ಪೋರ್ಟ್‌ನವರು 2017ರಿಂದ ತೆಗೆದುಕೊಳ್ಳುವುದಿಲ್ಲ, ವಾಪಸ್ ಬರುವಾಗ ತೊಂದರೆ. ತೂಗಲಿಕ್ಕೆ ಕೈಯಲ್ಲಿ ಹಿಡಿದು ನೇತುಹಾಕುವ ತೂಕದ ಯಂತ್ರ ಸಿಗುತ್ತದೆ. ಇಲ್ಲಾಂದ್ರೆ ಪೆಟ್ಟಿಗೆ ಎತ್ತಿಕೊಂಡು ಮನುಷ್ಯರ ತೂಕ ನೋಡುವ ಯಂತ್ರದ ಮೇಲೆ ನಿಂತು, ಬಂದದ್ದರಲ್ಲಿ ನಿಮ್ಮ ತೂಕ ಕಳೆಯಿರಿ. 28.5ಕ್ಕೆ ನಿಲ್ಲಿಸಿ. ಜಾಸ್ತಿ ಬೇಕೇ ಬೇಕು ಅಂದರೆ ನೀವು ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿಬಿಡಿ, ಕೌಂಟರ್‌ಗಿಂತ ಕಡಿಮೆ ಬೀಳುತ್ತದೆ.

ಕೈಚೀಲದ 7 ಕೆಜಿಯಲ್ಲಿ ಅಮ್ಮನ ಪರ್ಸ್ ಕೂಡ ಸೇರುತ್ತದೆ ಅಂತಲೇ ಲೆಕ್ಕ ಹಾಕಿ. ಅದರೊಳಗೆ ಪಾಸ್‌ಪೋರ್ಟ್, ವೀಸಾ ಪ್ರಿಂಟ್, ಚಿನ್ನ, ಮಾತ್ರೆ, ಒಂದು ಜೊತೆ ಬಟ್ಟೆ, ಒಂದು ಶಾಲು. ಮಾತ್ರೆ ಅದರ ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ. ಮಂಡಿನೋವಿಗೆ ಟ್ರಾಮಡಾಲ್, ಕೆಮ್ಮಿಗೆ ಕೊಡೀನ್ ಇರುವ ಸಿರಪ್ ಏನಾದರೂ ತೆಗೆದುಕೊಳ್ಳುತ್ತಾರಾ ಕೇಳಿ. ಅಂಥದ್ದಕ್ಕೆ ಯುಎಇ ಸರ್ಕಾರದ ಅನುಮತಿ ಮೊದಲೇ ಬೇಕು. ಪವರ್ ಬ್ಯಾಂಕ್ ಇದ್ದರೆ ಕೈಚೀಲದಲ್ಲೇ, ಪೆಟ್ಟಿಗೆಗೆ ಹಾಕಲೇಬಾರದು. ಖಾರದ ಪುಡಿ, ಉಪ್ಪಿನಕಾಯಿ, ತುಪ್ಪ, ಲೇಹ್ಯ ಎಲ್ಲ ಪೆಟ್ಟಿಗೆಗೆ.

ಮತ್ತೆ ಹಳೇ ಕಾಟನ್ ಸೀರೆ ಎಷ್ಟು ಬೇಕಾದರೂ ತರಲಿ. ಅಷ್ಟು ಮೆತ್ತಗಿನ ಬಟ್ಟೆ ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತುಪ್ಪದ ಡಬ್ಬಕ್ಕೆ ಸುತ್ತಲಿಕ್ಕೂ ಅದೇ ಆಯಿತು.

ಕುಂದಾಪ್ರ_ದೇರಾ:

ಅಕ್ಕ ಹೇಳಿದ್ದೆಲ್ಲ ಸರಿ. ಆದರೆ ಗಸಗಸೆಗೆ ಇಷ್ಟು ಹೆದರಬೇಕಾ? ನಾನು ಗೊತ್ತಿಲ್ಲದೆ ಎರಡು ಸಲ ತಂದಿದ್ದೇನೆ, ಏನೂ ಆಗಲಿಲ್ಲ. ಹಾಗೇ ತೆಂಗಿನಕಾಯಿಗೆ ಅನುಮತಿ ಕೊಟ್ಟಿದ್ದಾರೆ ಅಂತ ಪೇಪರಿನಲ್ಲಿ ಓದಿದ ನೆನಪು.

ಸುರತ್ಕಲ್_ಅಕ್ಕ:

ಎರಡು ಸಲ ನಿಮ್ಮ ಬ್ಯಾಗು ತೆರೆಯಲಿಲ್ಲ, ಅಷ್ಟೇ ಮಾರಾಯ್ರೇ. ಮೊದಲ ಸಲ ವಿಮಾನ ಹತ್ತುವ, ಹಿಂದಿಯೂ ಇಂಗ್ಲಿಷೂ ಸರಿಯಾಗಿ ಬಾರದ ಒಬ್ಬ ಅಮ್ಮನ ಬ್ಯಾಗು ತೆರೆದರೆ ಅವರು ಅಲ್ಲಿ ಏನಂತ ಹೇಳುತ್ತಾರೆ? ದಯವಿಟ್ಟು ಯಾರಿಗೂ ಪರವಾಗಿಲ್ಲ ಅಂತ ಹೇಳಬೇಡಿ.

ನೀವು ಓದಿದ್ದು ಶಬರಿಮಲೆಯವರ ವಿಷಯ. ಇರುಮುಡಿಯ ತೆಂಗಿನಕಾಯಿಯನ್ನು ಕ್ಯಾಬಿನ್‌ಗೆ ಒಯ್ಯಲು 2024ರ ಅಕ್ಟೋಬರ್‌ನಲ್ಲಿ ಬಿಟ್ಟಿದ್ದರು, 2025ರ ಜನವರಿ 20ರವರೆಗೆ ಮಾತ್ರ. ಒಣಕೊಬ್ಬರಿಗೂ ಅದಕ್ಕೂ ಸಂಬಂಧ ಇಲ್ಲ.

ಪುತ್ತೂರಿನ_ಮಗಳು:

ಅಕ್ಕಾ, ಓದುತ್ತಾ ಓದುತ್ತಾ ಅತ್ತುಬಿಟ್ಟೆ. ತಕ್ಷಣ ಅಮ್ಮನಿಗೆ ಫೋನ್ ಮಾಡಿದೆ. ಗಸಗಸೆ ವಿಷಯ ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ ಡಬ್ಬವನ್ನೇ ಅತ್ತಿಗೆ ಮನೆಗೆ ಕಳಿಸಿದರು. ಕೊಬ್ಬರಿ ಇಲ್ಲೇ ಸಿಗುತ್ತದೆ ಅಂದೆ. "ಒಳ್ಳೆಯದಿರ್ತದಾ?" ಅಂತ ಮೂರು ಸಲ ಕೇಳಿ ಒಪ್ಪಿದರು. ತಮ್ಮ ರಟ್ಟಿನ ಪೆಟ್ಟಿಗೆ ತಂದಿದ್ದಾನೆ. ಎಲ್ಲ ತುಂಬಿ ತೂಗಿದರೆ 26 ಚಿಲ್ಲರೆ. ಉಪ್ಪಿನಕಾಯಿಯನ್ನು ಭರಣಿಯಿಂದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿಸಿದೆ. ಅದು ಮಧ್ಯದಲ್ಲಿ, ಸೀರೆಗಳ ನಡುವೆ ಇದೆ. ಮೇಲಿನ ಚೀಲದಲ್ಲಿ ಹಲಸಿನ ಹಪ್ಪಳ ಮತ್ತು ಬೆಲ್ಲ.

ಒಂದೇ ಪ್ರಶ್ನೆ ಉಳಿದಿದೆ. ನಾನು ಮಗುವಾಗಿದ್ದಾಗ ಹಾಲು ಕುಡಿಸಿದ ಬೆಳ್ಳಿಯ ಒಳಲೆಯನ್ನು ಅಮ್ಮ ತರುತ್ತಾರಂತೆ. ಅದು ಪೆಟ್ಟಿಗೆಗೋ, ಕೈಚೀಲಕ್ಕೋ?

ಸುರತ್ಕಲ್_ಅಕ್ಕ:

ಕೈಚೀಲಕ್ಕೆ. ಬೆಳ್ಳಿ, ಬಂಗಾರ ಯಾವತ್ತೂ ಕೆಳಗೆ ಹಾಕಬಾರದು. ಒಂದು ಕರ್ಚೀಫಿನಲ್ಲಿ ಸುತ್ತಿ ಮಾತ್ರೆ ಡಬ್ಬದ ಪಕ್ಕ ಇಡಲಿ. ಸ್ಕ್ಯಾನಿಂಗ್‌ನಲ್ಲಿ ಕೇಳಿದರೆ ತೆಗೆದು ತೋರಿಸಿದರೆ ಆಯಿತು. ಅಮ್ಮ ತಲುಪಿದ ದಿನ ಇಲ್ಲಿ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.