ಕೀ ಗಾಡಿಗೆ ಪುಶ್ ಬಟನ್ ಸ್ಟಾರ್ಟ್ ಹಾಕಿಸಬಹುದಾ? (ಅಬಾರ್ತ್ ಪುಂಟೋ, ಬಳ್ಳಾರಿ)

ಬಳ್ಳಾರಿ_ಜೀನ್ಸ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಅಬಾರ್ತ್ ಪುಂಟೋ ಇದೆ, ಫಿಯೆಟ್ ಪುಂಟೋದ ಸ್ಪೋರ್ಟ್ಸ್ ಮಾಡೆಲ್. 1.4 ಟಿ-ಜೆಟ್ ಟರ್ಬೊ ಎಂಜಿನ್, 145 ಎಚ್‌ಪಿ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯುನಿಟ್. ಹಾಗಾಗಿ ವಾರವಿಡೀ ಈ ಗಾಡಿಗೆ ಜಿಪ್ಪು, ಗುಂಡಿ, ದಾರದ ಬಾಕ್ಸ್ ಹೊರುವ ಕೆಲಸ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಾತ್ರ ಅದು ಅಬಾರ್ತ್. ತೋರಣಗಲ್ಲಿನ ತನಕ ಹೋಗಿ, ಒಗ್ಗರಣೆ ಮಿರ್ಚಿ ತಿಂದು, ಲಾರಿಗಳ ಸಾಲು ಶುರುವಾಗುವ ಮೊದಲು ವಾಪಸ್ಸು.

ಈಗ ಸಮಸ್ಯೆಗೆ ಬರುತ್ತೇನೆ. ಎರಡು ತಿಂಗಳಿಂದ ಕೀ ಸರಿಯಾಗಿ ತಿರುಗುತ್ತಿಲ್ಲ. ಸ್ಟೀರಿಂಗ್ ಆ ಕಡೆ ಈ ಕಡೆ ಅಲ್ಲಾಡಿಸಿ, ಕೀಯನ್ನು ಒಂದು ಕೂದಲೆಳೆಯಷ್ಟು ಹೊರಗೆಳೆದು, ದುರ್ಗಮ್ಮನನ್ನು ನೆನೆದು ತಿರುಗಿಸಬೇಕು. ಮೊನ್ನೆ ಮೋತಿ ಸರ್ಕಲ್‌ನಲ್ಲಿ ಗಾಡಿ ಆಫ್ ಆಯಿತು. ತಪ್ಪು ನನ್ನದೇ, ಕ್ಲಚ್ ಬೇಗ ಬಿಟ್ಟೆ. ಮತ್ತೆ ಸ್ಟಾರ್ಟ್ ಮಾಡಲು ಕೀ ಹಿಂದಕ್ಕೆ ತಿರುಗಿಸಿದೆ. ಅಲ್ಲಿಗೆ ಹೋದದ್ದು ಮುಂದಕ್ಕೆ ಬರಲೇ ಇಲ್ಲ. ಹಿಂದೆ ಹತ್ತು ಆಟೋ, ಒಂದು ಟ್ಯಾಂಕರ್, ಎಲ್ಲರದ್ದೂ ಹಾರ್ನು. ಬೆವರು ಕಣ್ಣಿಗೇ ಇಳಿಯಿತು.

ಚಿಕ್ಕಪ್ಪನ ಮಗನ ಹತ್ತಿರ ಐ20 ಎನ್ ಲೈನ್ ಇದೆ, ಬಟನ್ನಿನದು. "ಅಣ್ಣಾ, ನಿನ್ನದು ರೇಸ್ ಗಾಡಿ ಅಂತೀಯ, ಸ್ಟಾರ್ಟ್ ಮಾಡುವುದು ಮಾತ್ರ ಹಳೇ ಗೋಡೌನ್ ಬಾಗಿಲು ತೆಗೆದ ಹಾಗೆ" ಎಂದು ಮನೆಮಂದಿಯ ಮುಂದೆ ನಗುತ್ತಾನೆ. ಇಲ್ಲಿನ ಒಬ್ಬ ಆಕ್ಸೆಸರಿ ಅಂಗಡಿಯವರು ಬಟನ್ ಕಿಟ್ ತೋರಿಸಿದರು. ಸುತ್ತ ಕೆಂಪು ಲೈಟ್, ಚೆನ್ನಾಗಿದೆ. ಬೆಳಿಗ್ಗೆ ಬಿಟ್ಟರೆ ಸಂಜೆಗೆ ಗಾಡಿ ಕೊಡುತ್ತಾರಂತೆ.

ಹಾಕಿಸಲಾ? ಫೆರಾರಿಯಲ್ಲೂ ಬಟನ್ನೇ ಅಲ್ವಾ?

ಗಂಗಾವತಿ_ಸೋನಾ

ನನ್ನದು ಬಟನ್ ಇರುವ ಟರ್ಬೊ ಹ್ಯಾಚ್‌ಬ್ಯಾಕ್. ಕಂಪನಿಯಿಂದಲೇ ಬಂದ ಬಟನ್. ನಾಲ್ಕು ವರ್ಷದಲ್ಲಿ ಒಂದು ದಿನವೂ ಕೀ ಹುಡುಕಿಲ್ಲ. ಅಂಗಿ ಜೇಬಲ್ಲಿ ಇದ್ದರೆ ಸಾಕು. ಕೈಯಲ್ಲಿ ಅಕ್ಕಿ ಸ್ಯಾಂಪಲ್ ಚೀಲ ಹಿಡಿದು ಮಿಲ್‌ನಿಂದ ಹೊರಗೆ ಬರುವವನಿಗೆ ಇದು ಎಷ್ಟು ಸುಖ ಎಂದು ಹೇಳಲಾರೆ.

ಆದರೆ ಒಂದು ಕಥೆ ಕೇಳಿ. ಹೆಂಡತಿಯನ್ನು ಹುಬ್ಬಳ್ಳಿ ರೈಲಿಗೆ ಹತ್ತಿಸಲು ಕೊಪ್ಪಳ ಸ್ಟೇಷನ್‌ಗೆ ಹೋಗಿದ್ದೆ. ಅವತ್ತು ಗಾಡಿ ಸ್ಟಾರ್ಟ್ ಮಾಡಿದ್ದು ಅವಳ ಬ್ಯಾಗಿನಲ್ಲಿದ್ದ ರಿಮೋಟಿನಿಂದ. ಹೊತ್ತಾಗಿತ್ತು, ಎಂಜಿನ್ ಆಫ್ ಮಾಡದೆ ಅವಳನ್ನು ಇಳಿಸಿ ಹೊರಟೆ. ಡ್ಯಾಶ್‌ಬೋರ್ಡ್ ಕೀಂ ಕೀಂ ಎಂದಿತು. ಸೀಟ್ ಬೆಲ್ಟ್ ಇರಬೇಕು ಎಂದುಕೊಂಡೆ. ಗಿಣಿಗೇರಿ ದಾಟಿದ ಮೇಲೆ ಅವಳ ಫೋನು: "ರೀ, ಕಾರಿನ ಕೀ ನನ್ನ ಬ್ಯಾಗಲ್ಲಿದೆ."

ಓಡುತ್ತಿರುವ ಎಂಜಿನ್ ರಿಮೋಟ್ ದೂರ ಹೋಯಿತೆಂದು ನಿಲ್ಲುವುದಿಲ್ಲ. ನಿಲ್ಲಿಸಿದರೆ ಮಾತ್ರ ಮತ್ತೆ ಹತ್ತುವುದಿಲ್ಲ. ಗಂಗಾವತಿ ತನಕ ಒಂದು ಕಡೆಯೂ ಆಫ್ ಮಾಡದೆ ಬಂದೆ. ದಾರಿಯಲ್ಲಿ ಚಹಾ ಕುಡಿಯಬೇಕು ಅನಿಸಿತು, ಅದನ್ನೂ ಬಿಟ್ಟೆ.

ಇಷ್ಟಾದರೂ ನನ್ನ ವೋಟು ಬಟನ್ನಿಗೇ. ಹಾಕಿಸಿ ಗುರುಗಳೇ.

ರಾಯಚೂರು_ವೈರಿಂಗ್

ಹಾಕಿಸಬೇಡಿ. ಹತ್ತೊಂಬತ್ತು ವರ್ಷದಿಂದ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಗಂಗಾವತಿ ಅಣ್ಣನ ಗಾಡಿಯ ಬಟನ್ನೂ ಅಂಗಡಿಯ ಬಟನ್ನೂ ಒಂದೇ ಅಲ್ಲ. ಕಂಪನಿ ಗಾಡಿಯಲ್ಲಿ ಬಟನ್ ಒತ್ತುವುದು ಎಂದರೆ ಬರೀ ಕೇಳಿಕೊಳ್ಳುವುದು. ಗಾಡಿಯೊಳಗಿನ ಆಂಟೆನಾ ಒಂದು ಸಣ್ಣ ಸಿಗ್ನಲ್ ಕೊಟ್ಟು ರಿಮೋಟನ್ನು ಕೂಗುತ್ತದೆ. ರಿಮೋಟ್ ಉತ್ತರ ಕೊಡಬೇಕು. ಕ್ಲಚ್ ಒತ್ತಿರಬೇಕು, ಆಟೋಮ್ಯಾಟಿಕ್ ಆದರೆ ಬ್ರೇಕು. ಸ್ಟೀರಿಂಗ್ ಲಾಕ್ ಇದ್ದರೆ ಅದೂ ಬಿಡಬೇಕು. ಎಲ್ಲ ಸರಿ ಇದ್ದರೆ ಕಂಪ್ಯೂಟರೇ ಸ್ಟಾರ್ಟರ್ ತಿರುಗಿಸಿ, ಎಂಜಿನ್ ಹಿಡಿದ ಕೂಡಲೇ ಬಿಡುತ್ತದೆ.

ಕೀ ಗಾಡಿಗೆ ಕಿಟ್ ಹಾಕುವಾಗ ಏನಾಗುತ್ತದೆ? ನಿಮ್ಮ ಚಾವಿಯ ತಲೆಯಲ್ಲಿ ಒಂದು ಚಿಪ್ ಇದೆ. ಚಾವಿ ತೂರಿಸುವ ಬ್ಯಾರೆಲ್ ಸುತ್ತ ಇರುವ ಉಂಗುರ ಅದನ್ನು ಓದಿದರೇ ಎಂಜಿನ್ ಹತ್ತುವುದು. ಕಿಟ್‌ಗೆ ಇದು ಅಡ್ಡ. ಅದಕ್ಕೆ ಸ್ಪೇರ್ ಚಾವಿಯನ್ನೋ ಅದರ ಚಿಪ್ಪನ್ನೋ ಸ್ಟೀರಿಂಗ್ ಕೆಳಗೆ ಖಾಯಂ ಆಗಿ ಟೇಪ್ ಸುತ್ತಿ ಇಡುತ್ತಾರೆ. ಅಂದರೆ ಕಳ್ಳನಿಗೆ ಬೇಕಾದ ಚಾವಿ ಗಾಡಿಯಲ್ಲೇ ಇರುತ್ತದೆ. ಆಮೇಲೆ ಸ್ಟೀರಿಂಗ್ ಲಾಕ್. ಅದು ಬ್ಯಾರೆಲ್‌ಗೇ ಕೂಡಿದ ಕಬ್ಬಿಣದ ಗೂಟ, ಚಾವಿ ತಿರುಗಿದರೇ ಬಿಡುವುದು. ಕೆಲವರು ಆ ಗೂಟವನ್ನೇ ಕತ್ತರಿಸಿ ಎಸೆಯುತ್ತಾರೆ. ಕೆಲವರು ಚಾವಿಯನ್ನು ಆನ್ ಮಾಡಿ ಹಾಗೇ ಬಿಡುತ್ತಾರೆ. ನಿಮಗೆ ಯಾವುದು ಬೇಕು?

ಹೋದ ಬೇಸಿಗೆಯಲ್ಲಿ ಮಾನ್ವಿ ಕಡೆಯಿಂದ ಒಂದು ಗಾಡಿ ಟೋ ಮಾಡಿಕೊಂಡು ಬಂದರು. ಬೇರೆ ಊರಲ್ಲಿ ಕಿಟ್ ಹಾಕಿಸಿದ್ದು. ಲಾರಿ ಓವರ್‌ಟೇಕ್ ಮಾಡುವಾಗ ಎಂಜಿನ್ ಪಟ್ಟನೆ ಆಫ್. ಡ್ಯಾಶ್ ಕೆಳಗೆ ಬಗ್ಗಿ ನೋಡಿದರೆ ಇಗ್ನಿಷನ್ ವೈರು ಸುಲಿದು, ಕೈಯಲ್ಲಿ ತಿರುಚಿ, ಮೇಲೆ ಟೇಪು. ಬಿಸಿಗೆ ಟೇಪಿನ ಅಂಟು ಕರಗಿ ಜೋನಿ ಬೆಲ್ಲದ ಹಾಗೆ ಇಳಿದಿತ್ತು. ಜಾಯಿಂಟ್ ಕಪ್ಪಾಗಿತ್ತು. ಆ ವೈರು ಹೋದರೆ ಫ್ಯುಯಲ್ ಪಂಪ್ ಸತ್ತ ಹಾಗೆ. ಬ್ರೇಕಿಗೆ ಎರಡು ಮೂರು ಒತ್ತು ಬಲ ಉಳಿದಿರುತ್ತದೆ, ಅಷ್ಟೇ. ಆ ಹುಡುಗ ಪುಣ್ಯವಂತ, ಬದಿಯಲ್ಲಿ ಹೊಲ ಇತ್ತು. ಇನ್ಶೂರೆನ್ಸ್‌ಗೆ ತಿಳಿಸದೆ ಇಂಥ ಕೆಲಸ ಮಾಡಿಸಿದರೆ ನಾಳೆ ಕ್ಲೇಮಿಗೂ ತಕರಾರು ಬರಬಹುದು.

ಈಗ ಒಂದು ಪ್ರಶ್ನೆ. ನಿಮ್ಮ ಕಾರಿನ ಚಾವಿ ಜೊತೆ ಗೊಂಚಲಲ್ಲಿ ಇನ್ನೆಷ್ಟು ಚಾವಿ ಇವೆ? ಮತ್ತೆ, ಬ್ಯಾರೆಲ್ ಒಳಗೆ ಎಣ್ಣೆ ಏನಾದರೂ ಬಿಟ್ಟಿದ್ದೀರಾ?

ಬಳ್ಳಾರಿ_ಜೀನ್ಸ್

ಅಣ್ಣಾ, ನೀವು ನಮ್ಮ ಮನೆಗೆ ಬಂದು ಹೋಗಿದ್ದೀರಾ?

ಗೊಂಚಲಲ್ಲಿ ಯುನಿಟ್ ಶಟರ್‌ನದ್ದು ಎರಡು, ಗೋಡೌನಿನದ್ದು ಮೂರು, ಸ್ಕೂಟರ್, ಮನೆ ಗೇಟು, ಕ್ಯಾಶ್ ಪೆಟ್ಟಿಗೆ, ಇನ್ನೆರಡು ಯಾವುದಕ್ಕೆ ಎಂದು ನನಗೇ ಗೊತ್ತಿಲ್ಲ. ಜೊತೆಗೆ ಜಾತ್ರೆಯಲ್ಲಿ ತೆಗೆದುಕೊಂಡ ಹಿತ್ತಾಳೆ ಗಂಟೆ. ದಾರ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದೆ, 260 ಗ್ರಾಂ.

ಎಣ್ಣೆ ನಾನು ಬಿಟ್ಟಿಲ್ಲ. ಅಪ್ಪ ಬಿಟ್ಟರು. ಕೊಬ್ಬರಿ ಎಣ್ಣೆ. ಅವರಿಗೆ ಬಾಗಿಲು, ಮಷೀನು, ಮೊಣಕಾಲು ಎಲ್ಲದಕ್ಕೂ ಅದೇ ಮದ್ದು.

ರಾಯಚೂರು_ವೈರಿಂಗ್

ಸಿಕ್ಕಿತು. ಬ್ಯಾರೆಲ್ ಒಳಗೆ ಸಣ್ಣ ಸಣ್ಣ ಪತ್ತಿಗಳು ಇರುತ್ತವೆ. ಚಾವಿಯ ಹಲ್ಲು ಪ್ರತಿಯೊಂದನ್ನೂ ಸರಿಯಾದ ಎತ್ತರಕ್ಕೆ ತಂದರೆ ಮಾತ್ರ ಅದು ತಿರುಗುತ್ತದೆ. ಕಾಲು ಕಿಲೋ ಗೊಂಚಲು ವರ್ಷಗಟ್ಟಲೆ ಜೋತಾಡಿದರೆ ಚಾವಿಯೂ ಸವೆಯುತ್ತದೆ, ಪತ್ತಿಯೂ ಸವೆಯುತ್ತದೆ. ಅದರ ಮೇಲೆ ನಿಮ್ಮ ಬಳ್ಳಾರಿ ಕೆಂಪು ಧೂಳು, ಅದರ ಮೇಲೆ ಕೊಬ್ಬರಿ ಎಣ್ಣೆ. ಒಳಗೆ ಚಟ್ನಿ ಆಗಿರುತ್ತದೆ.

ಗೊಂಚಲಿನ ಭಾರ ತಮಾಷೆ ಅಲ್ಲ. 2014ರಲ್ಲಿ ಅಮೆರಿಕದಲ್ಲಿ ಜಿಎಂ ಕಂಪನಿ ಲಕ್ಷಾಂತರ ಗಾಡಿ ವಾಪಸ್ ಕರೆಯಿತು. ಇಗ್ನಿಷನ್ ಸ್ವಿಚ್ಚಿನ ಹಿಡಿತ ಸಡಿಲ ಇತ್ತು. ಗೊಂಚಲು ಭಾರ ಇದ್ದರೆ ಅಥವಾ ಮೊಣಕಾಲು ತಾಗಿದರೆ, ಓಡುವಾಗಲೇ ಸ್ವಿಚ್ ಹಿಂದಕ್ಕೆ ಜಾರಿ ಎಂಜಿನ್ ಆಫ್ ಆಗುತ್ತಿತ್ತು. ಏರ್‌ಬ್ಯಾಗ್ ಕೂಡ ತೆರೆಯುತ್ತಿರಲಿಲ್ಲ. ಪರಿಹಾರ ನಿಧಿಯವರು ಒಪ್ಪಿಕೊಂಡ ಸಾವೇ 124. ನಿಮ್ಮ ಗಾಡಿಯಲ್ಲಿ ಹಾಗೆ ದೋಷ ಇದೆ ಎನ್ನುತ್ತಿಲ್ಲ. ಗಂಟೆ ತೆಗೆಯಿರಿ ಎನ್ನುತ್ತಿದ್ದೇನೆ.

ಬಟನ್ ಗಾಡಿಯವರು ನಗಬೇಡಿ. 2009ರಲ್ಲಿ ಸ್ಯಾನ್ ಡಿಯಾಗೋ ಹತ್ತಿರ ಒಂದು ಲೆಕ್ಸಸ್‌ನಲ್ಲಿ ಮ್ಯಾಟ್‌ಗೆ ಆಕ್ಸಿಲರೇಟರ್ ಸಿಕ್ಕಿಕೊಂಡು ನಾಲ್ಕು ಜನ ಸತ್ತರು. ಓಡುವಾಗ ಆ ಬಟನ್ನನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಎಂಜಿನ್ ನಿಲ್ಲುತ್ತಿತ್ತು. ಗಾಬರಿಯಲ್ಲಿ ಯಾರಿಗೆ ಹೊಳೆಯುತ್ತದೆ? ಗಂಗಾವತಿ ಅಣ್ಣಾ, ನಿಮ್ಮ ಗಾಡಿಯಲ್ಲಿ ಎಷ್ಟು ಹೊತ್ತು ಒತ್ತಬೇಕು ಎಂದು ಮ್ಯಾನುವಲ್ ತೆಗೆದು ಇವತ್ತೇ ನೋಡಿ.

ಗಂಗಾವತಿ_ಸೋನಾ

ನೋಡಿದೆ. ನಾಲ್ಕು ವರ್ಷದಲ್ಲಿ ಆ ಪುಸ್ತಕ ತೆಗೆದಿದ್ದು ಇದೇ ಮೊದಲು, ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ರಿಮೋಟಿನ ಸೆಲ್ ಸತ್ತರೆ ಆ ರಿಮೋಟಿನಿಂದಲೇ ಬಟನ್ ಒತ್ತಬೇಕು, ಆಗ ಸ್ಟಾರ್ಟ್ ಆಗುತ್ತದೆ ಎಂದೂ ಬರೆದಿದೆ. ಹೋದ ವರ್ಷ ಅಂಜನಾದ್ರಿ ಪಾರ್ಕಿಂಗ್‌ನಲ್ಲಿ ಇದು ಗೊತ್ತಿಲ್ಲದೆ ಸೆಲ್‌ಗಾಗಿ ಹತ್ತು ಅಂಗಡಿ ಅಲೆದೆ.

ಸಂಡೂರು_ಜೀಪ್

ಒಂದು ತಕರಾರು. ಬಟನ್ ಹೊಸದು, ಕೀ ಹಳೆಯದು ಎಂದು ಎಲ್ಲರೂ ಮಾತಾಡುತ್ತಿದ್ದೀರಿ. ಉಲ್ಟಾ. 1912ರ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಮಾಡಿದ ಸೆಲ್ಫ್ ಸ್ಟಾರ್ಟರ್ ಬಂತು, ಅಲ್ಲಿಯ ತನಕ ಮುಂದೆ ನಿಂತು ಹ್ಯಾಂಡಲ್ ತಿರುಗಿಸುತ್ತಿದ್ದರು. ಆಮೇಲೆ ಬಹಳ ವರ್ಷ ಸ್ಟಾರ್ಟರ್‌ಗೆ ಬಟನ್ನೋ ಪೆಡಲ್ಲೋ ಇರುತ್ತಿತ್ತು. ಕೀ ತಿರುಗಿಸಿದರೆ ಎಂಜಿನ್ ಹತ್ತುವುದನ್ನು ಕ್ರೈಸ್ಲರ್ ತಂದದ್ದು 1949ರಲ್ಲಿ. ನಮ್ಮ ಮನೆಯ ಹಳೇ ವಿಲ್ಲಿಸ್ ಜೀಪಿನಲ್ಲಿ ಸ್ಟಾರ್ಟರ್ ಇವತ್ತಿಗೂ ಕಾಲಡಿ ಇದೆ. ಎಳೆಯ ಹುಡುಗರು ಬಂದರೆ ಕೂರಿಸಿ, "ಸ್ಟಾರ್ಟ್ ಮಾಡು ನೋಡೋಣ" ಎಂದು ಹೇಳಿ ಮಜಾ ನೋಡುತ್ತೇನೆ.

ಸ್ಪೋರ್ಟ್ಸ್ ಕಾರಿಗೆ ಬಟನ್ನೇ ಗುರುತು ಎನ್ನುವುದೂ ಪೂರ್ತಿ ಸರಿಯಲ್ಲ. ಹೋಂಡಾ ಎಸ್2000ನಲ್ಲಿ ಮೊದಲು ಕೀ ತಿರುಗಿಸಿ, ಆಮೇಲೆ ಕೆಂಪು ಬಟನ್ ಒತ್ತಬೇಕಿತ್ತು. ಫೆರಾರಿ ಎಫ್430ಯಲ್ಲೂ ಹಾಗೇ, ಬಟನ್ ಸ್ಟೀರಿಂಗ್ ಮೇಲಿತ್ತು, ಕೀ ಬೇಕೇ ಬೇಕಿತ್ತು. ಎಡ ಸ್ಟೀರಿಂಗ್ ಇರುವ ಪೋರ್ಶೆಯಲ್ಲಿ ಕೀ ಕೂಡ ಎಡಗಡೆ. ಫ್ರಾನ್ಸಿನ 24 ಗಂಟೆಯ ರೇಸ್ ಲೆ ಮಾನ್ಸ್‌ನಲ್ಲಿ ಡ್ರೈವರುಗಳು ರಸ್ತೆಯ ಆ ಬದಿಯಿಂದ ಓಡಿ ಬಂದು ಗಾಡಿಗೆ ಹಾರುತ್ತಿದ್ದರು. ಎಡಗೈಯಲ್ಲಿ ಸ್ಟಾರ್ಟು, ಬಲಗೈಯಲ್ಲಿ ಗೇರು, ಅರ್ಧ ಸೆಕೆಂಡ್ ಉಳಿತಾಯ ಎಂದು ಅದಕ್ಕೆ ಕಾರಣ ಹೇಳುತ್ತಾರೆ. ಆ ಅವಸರದಲ್ಲಿ ಬೆಲ್ಟ್ ಹಾಕಲು ಯಾರಿಗೆ ಪುರುಸೊತ್ತು? 1969ರಲ್ಲಿ ಜಾಕಿ ಇಕ್ಸ್ ಮಾತ್ರ ಓಡಲಿಲ್ಲ. ನಿಧಾನಕ್ಕೆ ನಡೆದುಹೋಗಿ, ಬೆಲ್ಟ್ ಬಿಗಿದುಕೊಂಡು ಎಲ್ಲರಿಗಿಂತ ಕೊನೆಗೆ ಹೊರಟ. ಮರುದಿನ ಗೆದ್ದದ್ದು ಅವನ ಗಾಡಿಯೇ. 1970ರಿಂದ ಆ ಓಟ ನಿಂತಿತು. 2024ರ ಹೊಸ ಪೋರ್ಶೆ 911ರಲ್ಲಿ ತಿರುಗಿಸುವುದು ಹೋಗಿ ಬಟನ್ ಬಂದಿದೆ, ಜಾಗ ಮಾತ್ರ ಅದೇ.

ನನಗೆ ಕೀ ಇಷ್ಟ. ತಿರುಗಿಸಿ ಹಿಡಿದಾಗ ಸ್ಟಾರ್ಟರ್ ಎಷ್ಟು ಏದುಸಿರು ಬಿಡುತ್ತಿದೆ ಎಂದು ಕೈಗೇ ಗೊತ್ತಾಗುತ್ತದೆ. ಬ್ಯಾಟರಿ ಸೊರಗುತ್ತಿದ್ದರೆ ಒಂದು ವಾರ ಮೊದಲೇ ತಿಳಿಯುತ್ತದೆ.

ರಾಯಚೂರು_ವೈರಿಂಗ್

ಜೀಪ್ ಸರ್ ಹೇಳಿದ್ದು ನಿಜ. ಬಟನ್ ಗಾಡಿಯಲ್ಲಿ ಅದನ್ನು ಕಿವಿಯಿಂದ ಕೇಳಬೇಕು, ಹಾಡು ಹಾಕಿಕೊಂಡವರಿಗೆ ಕೇಳಿಸುವುದಿಲ್ಲ.

ಬಳ್ಳಾರಿಯವರು ಮೊದಲು ಸ್ಪೇರ್ ಚಾವಿ ಹಾಕಿ ನೋಡಿ. ಅದು ಸಲೀಸಾಗಿ ತಿರುಗಿದರೆ ಸವೆದಿರುವುದು ಹೆಚ್ಚಾಗಿ ಚಾವಿ. ಸವೆದ ಚಾವಿಯನ್ನು ಡೂಪ್ಲಿಕೇಟ್ ಮಾಡಿಸಬೇಡಿ, ಸವೆದದ್ದೇ ಎರಡಾಗುತ್ತದೆ. ಎಣ್ಣೆ ನಿಲ್ಲಿಸಿ. ಕ್ಲೀನ್ ಮಾಡಿಸಿ, ಒಣ ಗ್ರಾಫೈಟ್ ಪುಡಿ ಹಾಕಿಸಿ. ಸಿಗದಿದ್ದರೆ ಪೆನ್ಸಿಲ್ ಸೀಸ ಕೆರೆದು ಚಾವಿಗೆ ಸವರಿ.

ಬಳ್ಳಾರಿ_ಜೀನ್ಸ್

ಎರಡು ದಿನ ಆಯಿತು, ಬರೆಯಲು ತಡವಾಯಿತು. ಸ್ಪೇರ್ ಕೀ ಅಮ್ಮನ ಬೀರುವಿನಲ್ಲಿ ಇತ್ತು, ರೇಷ್ಮೆ ಸೀರೆ ಮಡಿಕೆಯ ಒಳಗೆ. ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದರು. ಒರೆಸಿ, ಮಧ್ಯಾಹ್ನ ಮೂರರ ಬಿಸಿಲಲ್ಲಿ ನಿಂತಿದ್ದ ಗಾಡಿಗೆ ಹಾಕಿದೆ. ಬೆಣ್ಣೆ! ಮೂರು ವರ್ಷದಲ್ಲಿ ಈ ಕೀ ಹೀಗೆ ತಿರುಗಿದ್ದೇ ನನಗೆ ನೆನಪಿಲ್ಲ. ಹತ್ತು ಸಲ ಸುಮ್ನೆ ಆನ್ ಆಫ್ ಮಾಡಿದೆ. ಅಪ್ಪ ಹೊರಗೆ ಬಂದು, "ನೋಡಿದೆಯಾ, ಎಣ್ಣೆ ಕೆಲಸ ಮಾಡಿತು" ಎಂದರು. ನಾನು ಏನೂ ಹೇಳಲಿಲ್ಲ.

ಬಟನ್ ಅಂಗಡಿಯವರಿಗೆ ಬೇಡ ಎಂದೆ. ತಮ್ಮನಿಗೆ ಇನ್ನೂ ಹೇಳಿಲ್ಲ, ಭಾನುವಾರ ಹೇಳುತ್ತೇನೆ. ಮುಂದಿನ ವಾರ ರಾಯಚೂರಿಗೆ ಮಾಲು ಇದೆ. ಎರಡೂ ಕೀ ತರಲಾ ಅಣ್ಣಾ? ಬ್ಯಾರೆಲ್ ಬಿಚ್ಚಿ ಕ್ಲೀನ್ ಮಾಡಿಕೊಡುತ್ತೀರಾ?

ರಾಯಚೂರು_ವೈರಿಂಗ್

ಬನ್ನಿ. ಬೆಳಿಗ್ಗೆ ಒಂಬತ್ತರ ಒಳಗೆ ಬಂದರೆ ಒಳ್ಳೆಯದು, ಆಮೇಲೆ ಶೆಡ್ಡಿನ ತಗಡು ಕಾಯುತ್ತದೆ. ಗೊಂಚಲು ಮನೆಯಲ್ಲೇ ಬಿಟ್ಟು ಬನ್ನಿ.